ಹೊಸ ಟೀಚರಮ್ಮನ ಕೈಗೆ ಯಂತ್ರ ಬಂದಾಗ

ಮಗಳಿಗೆ ಚಪಾತಿ ಲಟ್ಟಿಸುವುದನ್ನು ನೀವು ಹೇಗೆ ಕಲಿಸಿದಿರಿ, ಸ್ವಲ್ಪ ನೆನಪು ಮಾಡಿಕೊಳ್ಳಿ. ಪಕ್ಕದಲ್ಲಿ ನಿಲ್ಲಿಸಿಕೊಂಡು ನಾಲ್ಕು ಚಪಾತಿ ಲಟ್ಟಿಸಿ ತೋರಿಸಿದಿರಿ. ಆಮೇಲೆ ಒಂದು ಉಂಡೆ ಅವಳ ಕೈಗೆ ಕೊಟ್ಟಿರಿ. ಮೊದಲನೆಯದು ಭೂಪಟದ ಹಾಗೆ ಬಂತು. ಎರಡನೆಯದು ಮಣೆಗೇ ಅಂಟಿಕೊಂಡಿತು. ಆದರೂ ನೀವು ಲಟ್ಟಣಿಗೆ ಕಿತ್ತುಕೊಳ್ಳಲಿಲ್ಲ. "ಸ್ವಲ್ಪ ಹಿಟ್ಟು ಉದುರಿಸ್ಕೋ, ಅಂಚಿನ ಕಡೆ ಒತ್ತು" ಅಂತ ಹೇಳಿ ಕಾದಿರಿ. ಹತ್ತನೆಯದೋ ಹದಿನೈದನೆಯದೋ ದುಂಡಗೆ ಬಂತು. ಪಾಠ ಹೇಳುವ ಕಲೆಯೂ ಇಷ್ಟೇ ನೋಡಿ: ತೋರಿಸುವುದು, ಕೈಗೆ ಕೊಡುವುದು, ಕಾಯುವುದು.

ಈ ಮಾತು ಈಗೇಕೆ ಎನ್ನುತ್ತೀರಾ? ನಿಮ್ಮ ಮನೆಯಿಂದಲೋ ನಿಮ್ಮ ಬೀದಿಯಿಂದಲೋ ಒಬ್ಬ ಹುಡುಗಿ ಹೊಸದಾಗಿ ಪ್ರಾಥಮಿಕ ಶಾಲೆಗೆ ಟೀಚರಾಗಿ ಹೊರಟಿರಬಹುದು. ಮಗಳೋ, ಸೊಸೆಯೋ, ನಾದಿನಿಯೋ ಇರಬಹುದು. ಅಂಥವರನ್ನು ಮಾತಾಡಿಸಿ ನೋಡಿ, ಎರಡು ಬಗೆಯ ಅಳಲು ಕೇಳುತ್ತೀರಿ. "ನಮ್ಮ ಶಾಲೇಲಿ ಗೋಡೆ ತುಂಬ ಟೀವಿ ಹಾಕಿದ್ದಾರೆ, ಅದನ್ನ ಏನು ಮಾಡಬೇಕು ಅಂತಲೇ ತಿಳಿಯೋಲ್ಲ" ಅನ್ನುತ್ತಾಳೆ ಒಬ್ಬಳು. "ನಮ್ಮಲ್ಲಿ ಏನೂ ಇಲ್ಲ, ಒಂದು ಕಪ್ಪು ಹಲಗೆ, ಅದೂ ಬಿಳಿಚಿಕೊಂಡಿದೆ" ಅನ್ನುತ್ತಾಳೆ ಇನ್ನೊಬ್ಬಳು. ಇಬ್ಬರ ಎದುರಿಗೂ ಕೂತಿರುವುದು ಅಂಥವೇ ಮಕ್ಕಳು. ಮೂರನೇ ತರಗತಿ ದಾಟುವ ಹೊತ್ತಿಗೆ ಓದಲು ಬಾರದ ಮಗುವಿಗೆ ಮುಂದೆ ಲೆಕ್ಕದ ಪ್ರಶ್ನೆಯೂ ಓದಲಾಗದು, ಪರಿಸರ ಪಾಠವೂ ಓದಲಾಗದು. ಅದು ದಡ್ಡ ಮಗುವಲ್ಲ, ಆದರೂ ಹಿಂದಿನ ಸಾಲಿಗೆ ಸರಿದುಬಿಡುತ್ತದೆ. ಆದ್ದರಿಂದ ಆ ಮೂರು ವರ್ಷ ಬಲು ಅಮೂಲ್ಯ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಆರಂಭಿಸಿದ 'ನಿಪುಣ್ ಭಾರತ್' ಯೋಜನೆಯೂ ಇದೇ ಮೂರನೇ ತರಗತಿಯನ್ನೇ ಗುರಿಯಾಗಿ ಇಟ್ಟುಕೊಂಡಿತು.

ಯಂತ್ರ ಹೊಸದಲ್ಲ

ಶಾಲೆಗೆ ಯಂತ್ರ ಬಂದಿದ್ದು ನಿನ್ನೆ ಮೊನ್ನೆಯಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಒಂದು ಉಪಗ್ರಹದ ನೆರವಿನಿಂದ, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂದಿತ್ತು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಬೆಳಗ್ಗೆ ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ಊರವರಿಗೆ. ಆಗ ಚಿಕ್ಕವರಾಗಿದ್ದ ನಿಮ್ಮಲ್ಲಿ ಕೆಲವರು ಆ ಪೆಟ್ಟಿಗೆಯ ಮುಂದೆ ಕೂತಿದ್ದಿರಲೂ ಬಹುದು. 2004ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಇಸ್ರೋ ಸಂಸ್ಥೆ ಪಾಠಕ್ಕೆಂದೇ 'ಎಜುಸ್ಯಾಟ್' ಉಪಗ್ರಹ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ಬಂತು. 2017ರಲ್ಲಿ 'ದೀಕ್ಷಾ' ಎಂಬ ಜಾಲ ಶುರುವಾಯಿತು. ಪಠ್ಯಪುಸ್ತಕದಲ್ಲಿ ಅಚ್ಚಾದ ಚೌಕುಳಿ ಗುರುತಿಗೆ ಮೊಬೈಲು ಹಿಡಿದರೆ ಪಾಠದ ಚಿತ್ರ ತೆರೆದುಕೊಳ್ಳುವ ವ್ಯವಸ್ಥೆ ಅದು.

ಅಷ್ಟೆಲ್ಲ ಬಂದರೂ ಟೀಚರಮ್ಮನ ಅಗತ್ಯ ಯಾಕೆ ತಪ್ಪಲಿಲ್ಲ? ಉತ್ತರ ನಿಮ್ಮ ಮನೆಯಲ್ಲೇ ಸಿಕ್ಕಿತ್ತು. 2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಪಾಠವೆಲ್ಲ ಟೀವಿಯಲ್ಲಿ, ಮೊಬೈಲಿನಲ್ಲಿ. ಮಗು ಫೋನಿನ ಮುಂದೆ ಕೂತಿತ್ತು, ಫೋನು ಮಾತಾಡುತ್ತಲೇ ಇತ್ತು, ಮಗು ಯಾವಾಗಲೋ ಪೆನ್ಸಿಲು ಕಚ್ಚುತ್ತ ಕಿಟಕಿಯಾಚೆ ನೋಡುತ್ತಿತ್ತು. ಫೋನಿಗೆ ಅದು ತಿಳಿಯಲಿಲ್ಲ. ಒಲೆಯ ಮುಂದಿದ್ದ ನಿಮಗೆ ತಿಳಿಯಿತು. ಈಗಿನ ಮೊಬೈಲು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ, ನಿಜ. ಆದರೆ ಪ್ರಶ್ನೆಯನ್ನೇ ಕೇಳದೆ ಮೂಲೆಯಲ್ಲಿ ತಲೆ ತಗ್ಗಿಸಿದ ಮಗು? ಅದಕ್ಕಾಗಿ ಕಾಯುವವರು ಮನುಷ್ಯರೇ ಆಗಬೇಕು. ಹೊಸ ಟೀಚರಿಗೆ ಮೊದಲು ತಿಳಿಯಬೇಕಾದದ್ದು ಇದು.

ಒಂದೇ ಕೋಣೆ, ಮೂರು ತರಗತಿ

"ಕಾಯಬೇಕು ಅಂತೀರಲ್ಲ, ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿ ಮೂರೂ ಕೂತಿರುತ್ತವೆ. ಯಾರಿಗೆ ಅಂತ ಕಾಯೋಣ?" ಈ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಹುಡುಕಿದವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು. 1995ರಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಅವರು ಕಟ್ಟಿದ ಪದ್ಧತಿಯೇ 'ನಲಿ-ಕಲಿ'. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಅದರ ಗುಟ್ಟು ಇಷ್ಟು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು ಮಾಡಿದ್ದಾರೆ. ಮಗು ತಾನಿರುವ ಮೆಟ್ಟಿಲಿನಿಂದ ಮುಂದಕ್ಕೆ ಹತ್ತುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದರೂ ಬಿಟ್ಟಲ್ಲಿಂದಲೇ ಶುರು ಮಾಡುತ್ತದೆ. ಮಕ್ಕಳು ಐದು ಗುಂಪುಗಳಾಗಿ ಕೂರುತ್ತಾರೆ. ಒಂದು ಗುಂಪಿಗೆ ಟೀಚರ ಪೂರ್ತಿ ನೆರವು, ಇನ್ನೊಂದಕ್ಕೆ ಸ್ವಲ್ಪ ನೆರವು. ಮತ್ತೆರಡಕ್ಕೆ ಗೆಳೆಯರದೇ ನೆರವು, ಒಂದಕ್ಕೆ ಪೂರ್ತಿ, ಇನ್ನೊಂದಕ್ಕೆ ಸ್ವಲ್ಪ. ಕೊನೆಯ ಗುಂಪು ತಾನೇ ಕಲಿಯುತ್ತದೆ. ಹೀಗಾದಾಗ ಟೀಚರಮ್ಮ ನಲವತ್ತು ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳಬೇಕಿಲ್ಲ. ಅವಳ ಅಗತ್ಯವಿರುವ ಆರೆಂಟು ಮಕ್ಕಳ ಪಕ್ಕ ಚಾಪೆಯ ಮೇಲೆ ಕೂತು ಕಾಯಲು ಅವಳಿಗೆ ಪುರುಸೊತ್ತು ಸಿಗುತ್ತದೆ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ ಆ ಇ ಈ ಎಂದು ಸಾಲಾಗಿ ಹೋಗದೆ, ರ ಗ ಸ ದ ಅ ಎಂದು ಐದು ಸುಲಭದ ಅಕ್ಷರಗಳಿಂದ ಶುರು. ಯಾಕೆ ಗೊತ್ತೇ? ಈ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಬಂತಲ್ಲ! ಇಡೀ ವರ್ಣಮಾಲೆ ಮುಗಿಯುವವರೆಗೆ ಕಾಯದೆ ಮಗು ಪದ ಓದುತ್ತದೆ. ಓದಿದ ಮಗುವಿನ ಮುಖ ನೋಡಬೇಕು ನೀವು.

ಮೂರು ಎಣಿಸಿ

ಇನ್ನೊಂದು ಸಣ್ಣ ಉಪಾಯ, ಕಾಸಿನ ಖರ್ಚಿಲ್ಲದ್ದು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಕೇಳಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸುಮಾರು ಒಂದೇ ಒಂದು ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ನಿಮ್ಮ ಹುಡುಗಿಗೆ ಹೇಳಿ: ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಲಿ. ಮೊದಮೊದಲು ಆ ಮೌನ ಕಷ್ಟವೆನಿಸುತ್ತದೆ. ಆದರೆ ತುಳು, ಉರ್ದು, ಲಂಬಾಣಿ, ತೆಲುಗು ಆಡುವ ಮನೆಯಿಂದ ಬಂದ ಮಗು ತನ್ನ ಮಾತನ್ನು ಕನ್ನಡಕ್ಕೆ ತಿರುಗಿಸಿಕೊಳ್ಳುವುದು ಆ ಮೌನದಲ್ಲೇ. ಅಂಥ ಮಕ್ಕಳ ಭಾಷೆಯ ಹತ್ತು ಪದ ಟೀಚರೇ ಕಲಿತುಬಿಟ್ಟರೆ ಇನ್ನೂ ಚೆನ್ನು.

ಟೀವಿ, ಮೊಬೈಲು ಇದ್ದರೆ?

ಇದ್ದರೆ ಒಳ್ಳೆಯದೇ, ದೂರ ಇಡಬೇಕಾಗಿಲ್ಲ. ಸಮುದ್ರ ಕಾಣದ ಮಗುವಿಗೆ ಅಲೆ ತೋರಿಸಲು, ಬೀಜ ಮೊಳೆಯುವುದನ್ನು ಅರೆ ನಿಮಿಷದಲ್ಲಿ ತೋರಿಸಲು ಅದಕ್ಕಿಂತ ಬೇರೆ ಸಾಧನವುಂಟೇ? ಬಳಸುವ ಬಗೆ ತಿಳಿದಿರಬೇಕು, ಅಷ್ಟೆ.

ಹಿಂದಿನ ರಾತ್ರಿ ಮನೆಯಲ್ಲಿ ಟೀಚರು ತಾನು ಪೂರ್ತಿ ನೋಡಿರಬೇಕು. ರುಚಿ ನೋಡದೆ ನೆಂಟರಿಗೆ ಬಡಿಸುತ್ತೇವೆಯೇ? ನೆಟ್‌ವರ್ಕ್ ಇರುವಾಗಲೇ ಮೊಬೈಲಿಗೆ ಇಳಿಸಿಟ್ಟುಕೊಂಡಿರಬೇಕು. ಕರೆಂಟು ಹೋದರೆ ಏನು ಮಾಡುವುದು ಎಂಬುದೂ ತಲೆಯಲ್ಲಿರಬೇಕು.

ಒಮ್ಮೆಗೆ ಮೂರು ನಾಲ್ಕು ನಿಮಿಷ ಸಾಕು. ನಡುವೆ ತಡೆದು, "ಮುಂದೇನಾಗುತ್ತೆ ಹೇಳಿ ನೋಡೋಣ" ಎಂದು ಕೇಳಲಿ. ಆಮೇಲೆ ಆರಿಸಿ, ನೋಡಿದ್ದನ್ನು ಮಕ್ಕಳ ಕೈಯಿಂದ ಮಾಡಿಸಲಿ: ಚಿತ್ರ ಬರೆಸಲಿ, ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಮೊಳಕೆ ಕಟ್ಟಿಸಲಿ. ನಮ್ಮ ಆಕಾಶವಾಣಿಯಲ್ಲಿ ಪ್ರಸಾರವಾದ 'ಚುಕ್ಕಿ-ಚಿನ್ನ'ದಂಥ ರೇಡಿಯೋ ಪಾಠಗಳನ್ನು ಹೆಣೆದದ್ದು ಹೀಗೇ. ರೇಡಿಯೋ ಒಂದು ಮಾತು ಹೇಳಿ ನಿಲ್ಲುತ್ತಿತ್ತು, ಮಕ್ಕಳು ಹಾಡಿ ಕುಣಿದು ಉತ್ತರ ಕೊಡುತ್ತಿದ್ದರು.

ಮೊಬೈಲಿನ ಇನ್ನೊಂದು ಒಳ್ಳೆಯ ಉಪಯೋಗ ಧ್ವನಿಮುದ್ರಣ. ಓದಲು ನಾಚುವ ಮಗುವಿನ ಓದನ್ನು ತುಂಬಿಸಿಕೊಂಡು ಅದಕ್ಕೇ ಕೇಳಿಸಿದರೆ ತನ್ನ ತಪ್ಪು ತಾನೇ ಹಿಡಿಯುತ್ತದೆ. ಆದರೆ ಮಕ್ಕಳ ಫೋಟೋ, ದನಿ ಯಾವುದನ್ನೂ ಹೆತ್ತವರ ಒಪ್ಪಿಗೆಯಿಲ್ಲದೆ ವಾಟ್ಸಾಪಿನಲ್ಲಿ ಹಾಕಬಾರದು. ಈ ಮಾತನ್ನು ಖಡಾಖಂಡಿತವಾಗಿ ಹೇಳಿಬಿಡಿ.

ನಿಮ್ಮ ಅಡುಗೆಮನೆಯ ಪಾಠೋಪಕರಣ

ಏನೂ ಇಲ್ಲದ ಶಾಲೆಯ ಟೀಚರಮ್ಮನಿಗೆ ನೀವೇ ಒಂದು ಕೈಚೀಲ ತುಂಬಿಕೊಡಬಹುದು.

ಹುಣಸೆ ಬೀಜ: ಹತ್ತು ಬೀಜಗಳನ್ನು ಒಂದೊಂದು ಮಗ್ಗುಲು ಕಲ್ಲಿಗೆ ತೇಯ್ದು ಬಿಳಿ ಮಾಡಿ, ಚೌಕಾಬಾರಕ್ಕೆ ಮಾಡುವ ಹಾಗೆ. ಮಗು ಎಸೆಯಲಿ. ಆರು ಬಿಳಿ, ನಾಲ್ಕು ಕಂದು. ಮತ್ತೆ ಎಸೆದರೆ ಏಳು, ಮೂರು. ಹತ್ತು ಯಾವ ಯಾವ ರೀತಿ ಒಡೆಯುತ್ತದೆಂದು ಆಟದಲ್ಲೇ ತಿಳಿಯುತ್ತದೆ. ಚಿಕ್ಕ ಮಕ್ಕಳು ಮೂಗಿಗೋ ಕಿವಿಗೋ ತೂರಿಸಿಕೊಂಡಾರು. ಎಣಿಸಿ ಕೊಟ್ಟು ಎಣಿಸಿಯೇ ವಾಪಸು ತೆಗೆದುಕೊಳ್ಳಲಿ.

ತೆಂಗಿನ ಗರಿಯ ಕಡ್ಡಿ: ಹತ್ತು ಹತ್ತರ ಕಟ್ಟು ಮಾಡಿ ದಾರ ಸುತ್ತಿ. ಇಪ್ಪತ್ತಮೂರು ಅಂದರೆ ಎರಡು ಕಟ್ಟು, ಮೂರು ಬಿಡಿ. ಅದರಲ್ಲಿ ಎಂಟು ಕೊಡು ಅಂದರೆ ಮಗು ಒಂದು ಕಟ್ಟು ಬಿಚ್ಚಲೇಬೇಕು. ಕಳೆಯುವ ಲೆಕ್ಕದಲ್ಲಿ 'ದಶಕ ತೆಗೆದುಕೊಳ್ಳುವುದು' ಅಂದರೆ ಏನೆಂದು ಆ ಬಿಚ್ಚಿದ ಗಂಟು ಹೇಳಿಕೊಡುತ್ತದೆ.

ಪಾವು, ಅಚ್ಚೇರು, ಸೇರು: ಅಟ್ಟದ ಮೇಲಿದ್ದರೆ ಇಳಿಸಿ. ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಅಕ್ಕಿ ಸುರಿದು ಅಳೆದ ಮಗುವಿಗೆ ಕಾಲು, ಅರ್ಧ ಎಂಬುದು ಬಾಯಿಪಾಠವಾಗಿ ಉಳಿಯದು.

ರವೆ ಹರಡಿದ ತಟ್ಟೆ: ಬೆರಳಿನಿಂದ ಅಕ್ಷರ ತಿದ್ದಿಸಲು. 1907ರಲ್ಲಿ ರೋಮ್ ನಗರದಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸರಿ ಉಪ್ಪುಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳು ಆಡಿಸಿ ಕಲಿಸಿದರು. ಅವರು 1939ರಲ್ಲಿ ಮದ್ರಾಸಿಗೂ ಬಂದು, ನಮ್ಮ ದೇಶದಲ್ಲಿ ಎಷ್ಟೋ ಶಿಕ್ಷಕರಿಗೆ ತರಬೇತಿ ಕೊಟ್ಟರು. ಮರಳಲ್ಲಿ ತಿದ್ದಿ ಕಲಿತ ನಮ್ಮ ಅಜ್ಜಂದಿರಿಗೆ ಈ ವಿದ್ಯೆ ಹೊಸದೇನಲ್ಲ.

ಹಳೆಯ ಲಗ್ನಪತ್ರಿಕೆಗಳು: ಬೆನ್ನ ಕಡೆ ಖಾಲಿಯಿದ್ದರೆ ಕತ್ತರಿಸಿ ಅಕ್ಷರದ ಕಾರ್ಡು ಮಾಡಿ. ಗಟ್ಟಿ ಕಾಗದ, ವರ್ಷಗಟ್ಟಲೆ ಬಾಳುತ್ತದೆ.

ಕೋಲು ಮಾತ್ರ ಬೇಡ

ಚೀಲದಲ್ಲಿ ಇಡಬಾರದ್ದು ಒಂದಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. "ನಾವೆಲ್ಲ ಏಟು ತಿಂದೇ ಕಲಿತದ್ದಲ್ಲವೇ?" ಎಂದು ಮನೆಯ ಹಿರಿಯರು ಹೊಸ ಟೀಚರಿಗೆ ಹೇಳುವುದುಂಟು. ದಯವಿಟ್ಟು ಹೇಳಬೇಡಿ. ನಮ್ಮ ಜೊತೆ ಏಟು ತಿಂದು ಶಾಲೆಯನ್ನೇ ಬಿಟ್ಟವರೂ ಇದ್ದರಲ್ಲ! ಹೆದರಿದ ಮಗುವಿಗೆ ಮೂರು ಸೆಕೆಂಡಲ್ಲ, ಮೂರು ತಾಸು ಕೊಟ್ಟರೂ ಉತ್ತರ ಹೊಳೆಯದು.

ಮನೆಯವರು ಮಾಡಬಹುದಾದ ಒಂದು ಉಪಕಾರ ಹೇಳಿ ಮುಗಿಸುತ್ತೇನೆ. ಹೊಸ ಕೆಲಸದ ಮೊದಲ ವರ್ಷ ಸುಲಭವಲ್ಲ. ವರದಿ ತುಂಬಬೇಕು, ಬಿಸಿಯೂಟದ ಲೆಕ್ಕ ನೋಡಬೇಕು, ಬಸ್ಸು ತಪ್ಪಬಾರದು. ಇದರ ಮೇಲೆ ನಾವೂ "ಎಷ್ಟು ಪಾಠ ಮುಗಿಸಿದೆ?" ಎಂದು ಕೇಳಿದರೆ ಅವಳಿಗೂ ಓಡುವ ಯಂತ್ರದ ಚಾಳಿಯೇ ಬಂದೀತು. ಸಂಜೆ ಒಂದು ಲೋಟ ಕಾಫಿ ಕೈಗಿತ್ತು ಬೇರೆ ಪ್ರಶ್ನೆ ಕೇಳಿ: "ಇವತ್ತು ಯಾವ ಮಗು ಮೊದಲ ಸಲ ಬಾಯಿ ಬಿಡ್ತು?" ಕೇಳಿದ ಮೇಲೆ ನೀವೂ ಮನಸ್ಸಿನಲ್ಲೇ ಮೂರು ಎಣಿಸಿ. ಅವಳು ಹೇಳುತ್ತಾಳೆ.