ಚಮೋರೊ ನುಡಿಯೂ ಅದರ ಹಾಡೂ

ಪಶ್ಚಿಮ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳಲ್ಲಿ ಹಿರಿದೆನಿಸಿದ ಗುವಾಮಿನ ವಿಸ್ತಾರ 550 ಚದರ ಕಿಲೋಮೀಟರನ್ನು ಮೀರದು. ಆದರೆ ಆ ಕಿರುನೆಲವನ್ನು ಆಳಿದವರ ಪಟ್ಟಿ ಮಾತ್ರ ಕಿರಿದಲ್ಲ. 1668ರಲ್ಲಿ ಜೆಸ್ಯೂಟ್ ಪಾದ್ರಿಗಳೊಡನೆ ಬಂದು ಅಲ್ಲಿ ಬೇರೂರಿದ ಸ್ಪೇನು, 1898ರ ಯುದ್ಧದಲ್ಲಿ ಸೋತು ಗುವಾಮನ್ನು ಅಮೆರಿಕಕ್ಕೆ ಒಪ್ಪಿಸಿ, ಮರುವರ್ಷ ಸೈಪಾನ್ ಮೊದಲಾದ ಉತ್ತರದ ದ್ವೀಪಗಳನ್ನು ಜರ್ಮನಿಗೆ ವಿಕ್ರಯಿಸಿತು. ಹೀಗೆ ಒಂದೇ ನುಡಿಯನ್ನಾಡುವ ಚಮೋರೊ ಜನ ಎರಡು ಧ್ವಜಗಳ ಕೆಳಗೆ ಹಂಚಿಹೋದರು. ಗುವಾಮಿನ ಅಮೆರಿಕನ್ ನೌಕಾಡಳಿತವು ಶಾಲೆಯ ಆವರಣದಲ್ಲಿ ಆ ನುಡಿಯನ್ನು ನಿಷೇಧಿಸಿ, ಆಡಿದ ಮಕ್ಕಳನ್ನು ದಂಡಿಸಿದುದಲ್ಲದೆ, 1922ರಲ್ಲಿ ಅದರ ನಿಘಂಟುಗಳನ್ನೂ ಸುಡಿಸಿತು.

ನಿಘಂಟಿಲ್ಲದ ನುಡಿಗೆ ಆಶ್ರಯವಾದುದು ಕಂತನ್ ಚಮೋರಿತಾ ಎಂಬ ಆಶುಗಾನ. ಕೂಡಿ ದುಡಿಯುವಾಗಲೋ ಬಿಡುವಿನಲ್ಲಿ ನೆರೆದಾಗಲೋ ಒಬ್ಬರು ಪರಿಚಿತ ಧಾಟಿಯಲ್ಲಿ ನಾಲ್ಕು ಸಾಲುಗಳನ್ನು ಆ ಕ್ಷಣವೇ ಕಟ್ಟಿ ಎಸೆಯುವರು. ಅದರಲ್ಲಿ ಪ್ರಣಯವೋ ಪರಿಹಾಸ್ಯವೋ ದ್ವ್ಯರ್ಥದ ಚುಚ್ಚುಮಾತೋ ಅಡಗಿರುವುದು. ಗುರಿಯಾದವರು ಅದೇ ಧಾಟಿಯಲ್ಲಿ ಉತ್ತರಿಸಬೇಕು. ನಮ್ಮ ಹರದೇಶಿ ನಾಗೇಶಿಯರ ಸವಾಲು ಜವಾಬನ್ನು ಕೇಳಿದವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ.

ವಿಚಿತ್ರವೆಂದರೆ, 1941ರಿಂದ 1944ರವರೆಗೆ ಜಪಾನೀಯರು ಗುವಾಮನ್ನು ಆಕ್ರಮಿಸಿಕೊಂಡಿದ್ದಾಗ ಜನರು ಗುಟ್ಟಾಗಿ ಹಾಡಿಕೊಂಡು ಧೈರ್ಯ ತಳೆದ ಪ್ರಸಿದ್ಧ ಗೀತೆ, ಅಂಕಲ್ ಸ್ಯಾಮನನ್ನು ಮರಳಿ ಕರೆಯುವ ಇಂಗ್ಲಿಷ್ ಗೀತೆ! ಯುದ್ಧ ಮುಗಿದ ಮೇಲಂತೂ ಇಂಗ್ಲಿಷು ಗೌರವದ ಭಾಷೆಯಾಗಿ, ಎಷ್ಟೋ ತಾಯ್ತಂದೆಯರು ಮಕ್ಕಳ ಹಿತವೆಂದೇ ಬಗೆದು ಮನೆಯಲ್ಲಿಯೂ ಚಮೋರೊವನ್ನು ಕೈಬಿಟ್ಟರು.

ಇಂಥ ಕಾಲದಲ್ಲಿ, ಹದಿಹರೆಯದಲ್ಲಿಯೇ ಅಮೆರಿಕದಲ್ಲಿ ಇಂಗ್ಲಿಷ್ ಹಾಡುಗಳನ್ನು ಧ್ವನಿಮುದ್ರಿಸಿದ್ದ ಜಾನಿ ಸಬ್ಲಾನ್ ಎಂಬ ಗಾಯಕರು 1968ರಲ್ಲಿ ‘ದಲಾಯ್ ನೆನೆ’ ಎಂಬ ಚಮೋರೊ ಹಾಡುಗಳ ಗ್ರಾಮಫೋನ್ ತಟ್ಟೆಯನ್ನು ಹೊರತಂದರು. ಹಿರಿಯರ ನಾಲಗೆಯ ಮೇಲಷ್ಟೇ ಇದ್ದ ಪದಗಳು ಗಿಟಾರಿನ ಜೊತೆಗೂಡಿ ರೇಡಿಯೋದಲ್ಲಿ ಕೇಳಿಬಂದಾಗ, ಅಮೆರಿಕನ್ ಸಂಗೀತಕ್ಕೆ ಮಾರುಹೋಗಿದ್ದ ತರುಣರಿಗೆ ತಮ್ಮ ನುಡಿಯೂ ಹೊಸ ಕಾಲದ್ದೆಂಬ ಅರಿವಾಯಿತು. ಅವರ ಬಳಿಕ ಗುವಾಮಿನ ಫ್ಲೋರಾ ಬಾಸಾ ಕ್ವಾನ್, ಜೆ. ಡಿ. ಕ್ರಚ್, ಸೈಪಾನಿನ ಕ್ಯಾಂಡಿ ತಮಾನ್ ಮುಂತಾದವರು ಬಂದರು. ರಾಜಕೀಯವು ಬೇರ್ಪಡಿಸಿದ ದ್ವೀಪಗಳು ಪರಸ್ಪರರ ಹಾಡುಗಳನ್ನು ಕೇಳತೊಡಗಿದುವು. 1974ರಲ್ಲಿ ಚಮೋರೊ ಗುವಾಮಿನ ಆಡಳಿತಭಾಷೆಗಳಲ್ಲೊಂದಾಯಿತು.

ಈ ಹಾಡುಗಳ ಮಟ್ಟು ಬಹುಮಟ್ಟಿಗೆ ಎರವಿನದು: ಅಮೆರಿಕದ ಕಂಟ್ರಿ, ಲ್ಯಾಟಿನ್ ಚಾ-ಚಾ, ಈಚೆಗೆ ರೆಗ್ಗೇ. ಇದನ್ನು ಸಂಸ್ಕೃತಿಯೆನ್ನಬಹುದೇ ಎಂದು ಮೂಗು ಮುರಿಯುವವರಿಲ್ಲದಿಲ್ಲ. ಆದರೆ ಎಣಿಕೆಯ ಮಾತುಗಳನ್ನೇ ಸ್ಪೇನಿನಿಂದ ಪಡೆದು ತನ್ನದಾಗಿಸಿಕೊಂಡ ನುಡಿಗೆ ಎರವಿನ ರಾಗವೊಂದು ಹೊರೆಯಾದೀತೆಂದು ನನಗೆ ತೋರದು. ಊರ ಸಂತನ ಉತ್ಸವದಲ್ಲಿ ಊಟ ಮುಗಿಸಿ ಕುಣಿಯುವ ಮಂದಿಗೆ ಬೇಕಾದುದು ಹೆಜ್ಜೆ ಹಾಕಿಸುವ ತಾಳ. ಆ ತಾಳದ ಬೆನ್ನೇರಿ, ಪಾಠಪುಸ್ತಕ ಕಲಿಸಲಾರದ ಬೈಗುಳ, ಕೊಂಕು, ಲಲ್ಲೆಗಳು ಮೊಮ್ಮಕ್ಕಳ ಬಾಯಿಗೆ ಬರುತ್ತವೆ.

ಹಾಗೆಂದು ಹಾಡಿನಿಂದಲೇ ಎಲ್ಲವೂ ಸಿದ್ಧಿಸಿತೆನ್ನಲಾಗದು. ಚರಣಗಳನ್ನು ಕಂಠಪಾಠವಾಗಿ ಹಾಡಬಲ್ಲ ಹುಡುಗ ಅಜ್ಜಿಯೊಡನೆ ಚಮೋರೊದಲ್ಲಿ ಹರಟಲಾರದೆ ಇಂಗ್ಲಿಷಿಗೆ ತಿರುಗುವುದುಂಟು. ತಟ್ಟೆಯ ಮೇಲಿನ ಹಾಡು ಸಿದ್ಧವಾದುದು; ಎದುರಾಳಿಯ ನಾಲ್ಕು ಸಾಲಿಗೆ ಆ ಕ್ಷಣವೇ ಮರುಸಾಲು ಕಟ್ಟಬೇಕಾದರೆ ನುಡಿ ರಕ್ತಗತವಾಗಿರಬೇಕು. ಹಾಗೆ ಕಟ್ಟಬಲ್ಲವರು ಇಂದು ಬಹುಪಾಲು ವೃದ್ಧರೇ.