ಈ ಸಲದ ರಜೆ ಕಡಲ ಮೇಲೆ

ಮುಂಬಯಿಯಲ್ಲಿ ನೆಲೆಸಿದ ನಮ್ಮಂಥವರಿಗೆ ರಜೆಯೆಂದರೆ ಊರು. ಊರೆಂದರೆ ನಾಲ್ಕು ನೆಂಟರ ಮನೆ, ಎರಡು ಮದುವೆ, ಒಂದು ಪೂಜೆ. ಆ ರಜೆಯ ದಣಿವಾರಿಸಿಕೊಳ್ಳಲು ಇನ್ನೊಂದು ರಜೆ ಬೇಕೆನ್ನಿಸುವುದು ನಮ್ಮ ಓದುಗರಲ್ಲಿ ಯಾರಿಗೆ ತಿಳಿಯದು? ಅದಕ್ಕೆಂದೇ ಈ ಸಲ ಬೇರೆ ಕಡೆಗೆ ಹೋಗುವುದೆಂದು ನಿಶ್ಚಯಿಸಿದೆವು. ಹಂಪೆ, ಬಾದಾಮಿಗಳೋ, ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪವೋ ಎಂಬಲ್ಲಿ ಮಾತ್ರ ಮನೆಯಲ್ಲಿ ಎರಡು ಪಕ್ಷಗಳಾದವು.

ತೀರ್ಪು ಕೊಟ್ಟದ್ದು ಅಮ್ಮನ ಮೊಣಕಾಲು. ನೆಲದ ಪ್ರವಾಸದಲ್ಲಿ ದಿನಕ್ಕೊಂದು ವಸತಿ, ದಿನವೂ ಗಂಟುಮೂಟೆ ಕಟ್ಟುವ ಕೆಲಸ, ಬಿಸಿಲಲ್ಲಿ ಮೆಟ್ಟಿಲು. ಹಡಗಿನಲ್ಲಾದರೋ ಪೆಟ್ಟಿಗೆಯನ್ನು ಒಮ್ಮೆ ಮಂಚದಡಿಗೆ ತಳ್ಳಿದರೆ ಮುಗಿಯಿತು. ರಾತ್ರಿ ನಾವು ಮಲಗಿರುವಾಗ ಕೋಣೆಯೇ ಪ್ರಯಾಣ ಮಾಡುತ್ತದೆ, ಬೆಳಗಾದರೆ ಹೊಸ ದ್ವೀಪ. “ನಡೆಯುವ ಮನೆಯಾದರೆ ನಾನೂ ಬರುತ್ತೇನೆ” ಎಂದರು ಅಮ್ಮ.

ನೇತ್ರಾವತಿ ಎಕ್ಸ್‌ಪ್ರೆಸ್ ರಾತ್ರಿ ಉಡುಪಿಯಲ್ಲಿ ನಿಂತಾಗ ಅವರು ಎದ್ದು ಕುಳಿತು, ಕಿಟಕಿಯ ಕಡೆಗೆ ಕೈಮುಗಿದರು. ಊರಿನಲ್ಲಿ ಇಳಿಯದೆ ಮುಂದೆ ಹೋಗುತ್ತಿದ್ದುದು ಅದೇ ಮೊದಲು. ನಾವು ಯಾರೂ ಮಾತನಾಡಲಿಲ್ಲ.

ಕೊಚ್ಚಿಯಿಂದ ಕವರತ್ತಿಗೆ ಸುಮಾರು 400 ಕಿಲೋಮೀಟರು. ಮೊದಲ ರಾತ್ರಿ ಹಡಗು ತೊಟ್ಟಿಲಿನಂತೆ ತೂಗಿತು. ಧೈರ್ಯಶಾಲಿಗಳೆಂದು ಹೆಸರಾದ ನಾವೇ ಹೊಟ್ಟೆ ತೊಳಸಿ ಮಲಗಿಬಿಟ್ಟೆವು. ಅಮ್ಮ ಮಾತ್ರ ಮೊಸರನ್ನ ಉಂಡು ನಿದ್ರಿಸಿದರು. ಬೆಳಿಗ್ಗೆ ಕಂಡ ನೀರಿನ ಬಣ್ಣವನ್ನು ಹೇಳುವುದು ಕಷ್ಟ. ಹವಳದ ಸಣ್ಣ ಜೀವಿಗಳು ಯುಗಯುಗಗಳಿಂದ ಕಟ್ಟಿದ ದಿಬ್ಬಗಳ ನಡುವೆ ಕಡಲು ಕೆರೆಯಂತೆ ಶಾಂತ, ಎಳೆ ಹಸುರು.

ಆ ದಿಬ್ಬಗಳಿಂದಾಗಿಯೇ ದೊಡ್ಡ ಹಡಗು ದಡದ ಹತ್ತಿರ ಹೋಗಲಾರದು. ಹೊರಗೆ ನಿಂತು, ಪಕ್ಕದ ಬಾಗಿಲಿನಿಂದ ನಮ್ಮನ್ನು ಸಣ್ಣ ದೋಣಿಗೆ ಇಳಿಸುತ್ತಾರೆ. ಕವರತ್ತಿಯಲ್ಲಿ ನಾವಿಕರು ಅಮ್ಮನ ಎರಡೂ ತೋಳು ಹಿಡಿದು ಇಳಿಸಿದರು. ಕಲ್ಪೇನಿಯಲ್ಲಿ ಅಲೆ ಹೆಚ್ಚಿತ್ತು. ದೋಣಿ ಮೊಳದೆತ್ತರ ಏರಿ ಇಳಿಯುತ್ತಿತ್ತು. ಅವರು ಬಾಗಿಲಲ್ಲೇ ನಿಂತು, “ನೀವು ಹೋಗಿ ಬನ್ನಿ” ಎಂದರು. ಯಾರ ಸುಖಕ್ಕಾಗಿ ಹಡಗನ್ನು ಆರಿಸಿದೆವೋ ಅವರೇ ಹಿಂದುಳಿದರಲ್ಲ ಎಂದು ನಮಗೆ ಮುಖ ಸಪ್ಪಗಾಯಿತು. ಮಕ್ಕಳನ್ನು ಕಳುಹಿಸಿ, ದೊಡ್ಡವರಾದ ನಾವು ಅಮ್ಮನೊಡನೆ ಉಳಿದೆವು.

ಮೇಲಟ್ಟದ ನೆರಳಿನಲ್ಲಿ ಕುಳಿತು ಅಮ್ಮ ತಮ್ಮ ತಂದೆಯ ಮಾತು ತೆಗೆದರು. ಅವರು ಮಂಗಳೂರಿನ ಬಂದರಿನಲ್ಲಿ ಗುಮಾಸ್ತರಾಗಿದ್ದರಂತೆ. ಅಮಿನಿ ಕಡೆಯ ಓಡಗಳು ತೆಂಗಿನ ನಾರು ತಂದು, ಅಕ್ಕಿ ಒಯ್ಯುತ್ತಿದ್ದುದನ್ನು ಮನೆಯಲ್ಲಿ ಹೇಳುತ್ತಿದ್ದರಂತೆ. ಇದು ಬರಿಯ ಅಜ್ಜಿಕಥೆಯಲ್ಲ. ಇದೇ ದ್ವೀಪಸಮೂಹದ ಉತ್ತರದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ದಿನವೇ ಅವು ಜಿಲ್ಲೆಯಿಂದ ಬೇರೆಯಾಗಿ ಕೇಂದ್ರಾಡಳಿತಕ್ಕೆ ಸೇರಿದವು. ಲಕ್ಷದ್ವೀಪವೆಂಬ ಹೆಸರು ಬಂದದ್ದು 1973ರಲ್ಲಿ. ಊರನ್ನು ಬಿಟ್ಟು ಬಂದೆವೆಂದು ಕೊರಗಿದ ನಾವು ಊರಿನ ಹಿತ್ತಲಿಗೇ ಬಂದಿದ್ದೆವು! ಮುಂಬಯಿಯ ಮನೆಯಲ್ಲಿ ಇಷ್ಟು ವರ್ಷ ಜೊತೆಗಿದ್ದೂ ಈ ಮಾತು ಕೇಳಲು ನಮಗೆ ಬಿಡುವಾಗಿರಲಿಲ್ಲ.

ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವನ್ನು ಮಕ್ಕಳು ಹತ್ತಿದರು. ಅಮ್ಮ ಕೆಳಗೆ ಕುಳಿತು ಎಳನೀರು ಕುಡಿದರು. ಉಳಿದ ದ್ವೀಪಗಳಲ್ಲಿ ಮಲಯಾಳದ ನುಡಿ, ಇಲ್ಲಿ ಮಾತ್ರ ಮಾಲ್ದೀವಿನ ನುಡಿಗೆ ಸೇರಿದ ಮಹಲ್. ಗಾಜಿನ ತಳದ ದೋಣಿಯಲ್ಲಿ ಬಣ್ಣದ ಮೀನುಗಳ ಜೊತೆಗೆ ಸತ್ತು ಬಿಳುಪಾದ ಹವಳವನ್ನೂ ಕಂಡೆವು. ಕಡಲು ಬಿಸಿಯಾದ 1998, 2010, 2016, 2024ರ ವರ್ಷಗಳ ಗಾಯವದು. ಹವಳದ ತುಂಡನ್ನು ಜೇಬಿಗಿಳಿಸಬಾರದೆಂದು ಮಕ್ಕಳಿಗೆ ಎರಡು ಸಲ ಹೇಳಬೇಕಾಗಿ ಬಂದಿತು.

ಹಾಗಾದರೆ ಹಡಗೋ, ನೆಲವೋ? ಒಂದು ಊರನ್ನು ನಿಧಾನವಾಗಿ ಅರಿಯಬೇಕೆನ್ನುವವರಿಗೆ ನೆಲವೇ ಸರಿ. ದ್ವೀಪಕ್ಕೊಂದು ಹಗಲು ಸಾಲದು. ಮನೆಮಂದಿ ಒಂದೆಡೆ ಕುಳಿತು ಮಾತನಾಡಬೇಕೆನ್ನುವವರು ಹಡಗು ಹತ್ತಲಿ. ಪ್ರವೇಶ ಪರವಾನಗಿಯ ಕೆಲಸವನ್ನು ಮೊದಲೇ ಮುಗಿಸಿ, ಮಳೆಗಾಲವನ್ನು ಬಿಟ್ಟು, ಕಡಲಬೇನೆಯ ಗುಳಿಗೆಯನ್ನು ವೈದ್ಯರಲ್ಲಿ ಕೇಳಿ ಹೊರಡಬೇಕು. ಹಿರಿಯರಿದ್ದರೆ ದೋಣಿಗೆ ಇಳಿಯುವ ಕಷ್ಟವನ್ನು ಮುಂಚೆಯೇ ತಿಳಿಸಬೇಕು, ನಾವು ತಿಳಿಸಿರಲಿಲ್ಲ.

ಮರಳುವಾಗ ರೈಲು ಉಡುಪಿಯಲ್ಲಿ ನಿಂತಿತು. ಈ ಸಲ ಎಲ್ಲರೂ ಇಳಿದೆವು. ರಜೆ ಇನ್ನೂ ಎರಡು ದಿನ ಉಳಿದಿತ್ತು.