ಎಳೆಯ ದೇಹಕ್ಕೆ ರೋಬೋಟ್ ಶಸ್ತ್ರಚಿಕಿತ್ಸೆ

ನಮ್ಮ ಎಷ್ಟೋ ಮನೆಗಳ ಮಕ್ಕಳು ಓದಲು ಹೋಗುವ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು 1979ರಲ್ಲಿ ವಿದ್ಯಾಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದರ ವೈದ್ಯಕೀಯ ಕಾಲೇಜು 1999ರಲ್ಲಿ ಮಂಗಳೂರಿನ ಬಳಿಯ ದೇರಳಕಟ್ಟೆಯಲ್ಲಿ ಆರಂಭವಾಯಿತು. ಕಾರ್ಕಳದಿಂದ ಬೈಲೂರು, ಹಿರಿಯಡ್ಕದ ಮಾರ್ಗವಾಗಿ ಹೋದರೆ ಮಣಿಪಾಲದ ಆಸ್ಪತ್ರೆ. ಹೀಗಾಗಿ ಅಲ್ಲಿನ ತಾಯಂದಿರಿಗೆ ದೊಡ್ಡ ಆಸ್ಪತ್ರೆ ಹೊಸದಲ್ಲ. ಮಗುವಿಗೆ ರೋಬೋಟ್ ಮೂಲಕ ಶಸ್ತ್ರಚಿಕಿತ್ಸೆ ಎಂಬ ಮಾತು ಮಾತ್ರ ಹೊಸದು.

ಮೂತ್ರಪಿಂಡದಿಂದ ನಾಳ ಹೊರಡುವಲ್ಲಿ ಇಕ್ಕಟ್ಟಾಗಿ ಪಿಂಡ ಊದಿಕೊಳ್ಳುವ ದೋಷವು ಗರ್ಭದಲ್ಲಿಯೇ ಸ್ಕ್ಯಾನಿಂಗ್‌ನಲ್ಲಿ ಕಾಣುವುದುಂಟು. ಅನೇಕ ಶಿಶುಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಇಳಿಯದೆ ಪಿಂಡದ ಶಕ್ತಿ ಕುಂದತೊಡಗಿದರೆ ಇಕ್ಕಟ್ಟಾದ ಭಾಗವನ್ನು ತೆಗೆದು ನಾಳವನ್ನು ಮರಳಿ ಹೊಲಿಯಬೇಕು. ಇಂತಹ ಸೂಕ್ಷ್ಮ ಹೊಲಿಗೆಗೇ ರೋಬೋಟ್ ಹೆಚ್ಚು ಒದಗುವುದು. ಯಂತ್ರ ತಾನಾಗಿ ಏನನ್ನೂ ಮಾಡದು. ಕೆಲವೇ ಅಡಿ ದೂರದಲ್ಲಿ ಕುಳಿತ ವೈದ್ಯರ ಬೆರಳುಗಳನ್ನು ಅದರ ತೋಳುಗಳು ಅನುಸರಿಸುತ್ತವೆ, ಕೈನಡುಕವನ್ನು ಸೋಸಿಬಿಡುತ್ತವೆ. ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆತದ್ದು 2000ದಲ್ಲಿ. ಮರುವರ್ಷವೇ ಜರ್ಮನಿಯ ವೈದ್ಯರು ಮಗುವೊಂದಕ್ಕೆ ಇದನ್ನು ಬಳಸಿದ ವರದಿ ಪ್ರಕಟಿಸಿದರು.

ಆದರೆ ಉಪಕರಣಗಳು ಮೂಲತಃ ವಯಸ್ಕರಿಗಾಗಿ ರೂಪುಗೊಂಡವು. ಸಾಮಾನ್ಯವಾಗಿ 8 ಮಿಲಿಮೀಟರ್ ದಪ್ಪ. ಹಸುಳೆಯ ಪುಟ್ಟ ಹೊಟ್ಟೆಯ ಮೇಲೆ ತೋಳುಗಳು ಒಂದಕ್ಕೊಂದು ತಾಗುತ್ತವೆ. ತೀರ ಎಳೆಯ ಕೂಸಿಗೆ ಹಳೆಯ ತೆರೆದ ಶಸ್ತ್ರಚಿಕಿತ್ಸೆ ಇಂದಿಗೂ ಕಡಿಮೆಯದೇನಲ್ಲ. ಹೊಟ್ಟೆಗೆ ತುಂಬಿದ ಅನಿಲ ಉಸಿರಾಟವನ್ನು ಒತ್ತುವುದರಿಂದ ಮಕ್ಕಳ ಅರಿವಳಿಕೆಯಲ್ಲಿ ಪಳಗಿದ ವೈದ್ಯರು ಬೇಕು. ಆಪತ್ತು ಬಂದಾಗ ಕ್ಷಣದಲ್ಲಿ ಯಂತ್ರವನ್ನು ಬಿಡಿಸಿ ಮಗುವನ್ನು ತಲುಪುವ ಅಭ್ಯಾಸ ದಾದಿಯರಿಗೆ ಇರಬೇಕು. ಯಂತ್ರ ಕೊಳ್ಳುವ ಮುನ್ನವೇ ಈ ತಂಡ ಸಿದ್ಧವಾಗಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಸಮಾಜದ ಹಿರಿಯರು ಬೆಳಗಾವಿಯಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ, ಮೈಸೂರಿನಲ್ಲಿ 1984ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ತೆರೆದವರು. ಇಂತಹ ಸೇವೆಗೆ ನೆರವು ಕೇಳಿದಾಗ ಸದ್ಭಕ್ತರು ಹಿಂದೆ ಸರಿಯಲಾರರು. ಯಂತ್ರದ ಮೇಲೆ ದಾನಿಯ ಹೆಸರು ಬರೆಸುವುದು ಸುಲಭ. ದಾದಿಯ ತರಬೇತಿಗೆ ಕೊಟ್ಟವರ ಹೆಸರು ಕೆತ್ತಲು ಕಲ್ಲೇ ಇಲ್ಲ! ದಾಸೋಹವೆಂದರೆ ಅದೇ ಅಲ್ಲವೇ?

ತಂದೆತಾಯಿಗಳು ಸಂಕೋಚಪಡದೆ ಕೇಳಬೇಕು: ಈಗಲೇ ಶಸ್ತ್ರಚಿಕಿತ್ಸೆ ಅಗತ್ಯವೇ? ಇಷ್ಟೇ ತೂಕದ ಎಷ್ಟು ಮಕ್ಕಳಿಗೆ ನೀವು ಮಾಡಿದ್ದೀರಿ? ಇನ್ನೊಂದು ಸಂಗತಿ. ಹೊಲಿಗೆ ಮಾಗಲೆಂದು ಒಳಗಿಟ್ಟ ನಳಿಕೆಯನ್ನು ಕೆಲವು ವಾರಗಳ ಬಳಿಕ ತೆಗೆಸಬೇಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಮತ್ತೊಮ್ಮೆ ಅರಿವಳಿಕೆ ಬೇಕು. ಆ ಎರಡನೆಯ ಪ್ರಯಾಣದ ಬಸ್ ಖರ್ಚು, ಕೂಲಿ ತಪ್ಪಿದ ದಿನಗಳ ನಷ್ಟ ಆಸ್ಪತ್ರೆಯ ಲೆಕ್ಕಪತ್ರದಲ್ಲಿ ಬರುವುದಿಲ್ಲ. ದಾನನಿಧಿಯಲ್ಲಿ ಅದಕ್ಕೂ ಒಂದು ಪಾಲು ತೆಗೆದಿರಿಸಬಹುದು.